ತಬ್ಬಲಿಗೆ ಕಟ್ಟಿದ ಚರ್ಮ

ಅಣ್ಣ ತೀರಿಕೊಂಡ ಮೇಲೆ, ಉದಗೀರದ ಕಾಲೇಜಿನಲ್ಲಿ ಓದುವ ಅವನ ಮಗಳು ಒಂದು ಕೆಲಸ ಮಾಡಿದಳು. ಕುರಿಗಳ ಹಿಂದೆ ಊರೂರು ಅಲೆಯುವಾಗ ಅಣ್ಣ ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದ ಸಂದೇಶಗಳನ್ನೆಲ್ಲ ಎಐಗೆ ಉಣಿಸಿ, ಅವನ ದನಿಯಲ್ಲೇ ಉತ್ತರ ಕೊಡುವಂತೆ ಮಾಡಿ, ತನ್ನ ತಾಯಿಯ, ಅಂದರೆ ನಮ್ಮ ವೈನಿಯ ಕೈಗಿಟ್ಟಳು.

ನಮ್ಮೂರು ದಾಳಿಂಬದ ಮನೆಯಲ್ಲಿ ಕುರಿಗಳು ದೊಡ್ಡಿ ಸೇರಿದ ಮೇಲೆ ವೈನಿ ಕಟ್ಟೆಯ ಮೇಲೆ ಕೂತು ಅದರ ಜತೆ ಮಾತಿಗಿಳಿಯುತ್ತಿದ್ದರು. ಯಾವ ಕುರಿ ಈದಿತು, ಸೋಯಾಬೀನ್ ಹೊಲದವರು ಯಾಕೆ ಜಗಳ ತೆಗೆದರು, ಎಲ್ಲಾ. ಅಣ್ಣ ಇದ್ದಾಗ ಅವರಿಬ್ಬರೂ ಅಷ್ಟು ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಫೋನು ಥೇಟ್ ಅವನಂತೆಯೇ "ಹೌದೇನ? ಮತ್ತ?" ಅನ್ನುತ್ತಿತ್ತು.

ನನಗೆ ಮೈ ಉರಿಯುತ್ತಿತ್ತು. ಉಮರಗಾದಲ್ಲಿ ವಿಜ್ಞಾನ ಕಲಿಸುವ ಮೇಷ್ಟರು ನಾನು, ಸುಮ್ಮನಿರುವ ಜಾಯಮಾನವಲ್ಲ. ಒಂದು ಸಂಜೆ ಎದುರಿಗೇ ಕೂತೆ.

"ವೈನಿ, ಅದರಾಗ ಯಾರೂ ಇಲ್ರೀ. ಅದಕ್ಕ ಮನಸಿಲ್ಲ. ನೀವು ಅಂದದ್ದಕ್ಕ ಯಾವ ಮಾತು ಹೊಂದತದ ಅಂತ ಲೆಕ್ಕಾ ಹಾಕತದ, ಅಷ್ಟ. ದುಃಖ ಅಂದ್ರ ಏನಂತ ಅದಕ್ಕೇನ ಗೊತ್ತು?"

ವೈನಿ ಸಿಟ್ಟಾಗಲಿಲ್ಲ. ದೊಡ್ಡಿಯ ಮೂಲೆಗೆ ಕೈ ತೋರಿಸಿದರು. ಅಲ್ಲಿ ಮರಿ ಸತ್ತ ಕುರಿಯೊಂದು ತಬ್ಬಲಿ ಮರಿಗೆ ಹಾಲೂಡಿಸುತ್ತಿತ್ತು. ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಯ ಬೆನ್ನಿಗೆ ಕಟ್ಟುವುದು ನಮ್ಮಲ್ಲಿ ಅಜ್ಜನ ಕಾಲದಿಂದಲೂ ಇದೆ. ತನ್ನ ಮರಿಯದೇ ವಾಸನೆಯೆಂದು ನಂಬಿ ಕುರಿ ಮೊಲೆ ಕೊಡುತ್ತದೆ ಎಂದೇ ನಾನು ತಿಳಿದಿದ್ದೆ.

"ಆ ಕುರಿಗಿ ಗೊತ್ತಿಲ್ಲಂತ ತಿಳದೀ ಏನ್ ತಮ್ಮಾ? ತನ್ನ ಮರಿ ಅಲ್ಲಂತ ಅದಕ್ಕೂ ಗೊತ್ತದ. ಕೆಚ್ಚಲ ಬಿಗದು ನೋಯತದ, ಅದಕ್ಕ ಕುಡಸತದ."

"ಅಂದ್ರ ಸುಳ್ಳಂತ ನೀವೂ ಒಪ್ಪಿದ್ರಿ!" ಎಂದೆ. ಥೂ ನನ್ನ! ವಾದ ಗೆದ್ದೆನೆಂದು ಮೀಸೆ ತಿರುವಿದೆ.

ಮರುದಿನ ವೈನಿ ಫೋನನ್ನು ಊರಿಗೆ ಬಂದಿದ್ದ ಮಗಳ ಕೈಗೆ ಕೊಟ್ಟರು. "ಕಾಕಾ ಅಂತಾನ, ಇದರಾಗ ಯಾರೂ ಇಲ್ಲಂತ. ತಗದ ಬಿಡವ್ವಾ."

ಯಂತ್ರಕ್ಕೆ ಮನಸ್ಸಿಲ್ಲವೆಂದು ನಾನು ಹೇಳಿದ್ದು ಇಂದಿಗೂ ಸುಳ್ಳೆನಿಸಿಲ್ಲ. ಆದರೆ ಆ ಕಟ್ಟೆಯ ಮೇಲಿನ ಮಾತು ನಿಂತುಹೋಯಿತಲ್ಲ, ಅದು ನನ್ನನ್ನು ತಿನ್ನುತ್ತದೆ. ಈಗ ರಜೆಗೆ ಹೋದಾಗೆಲ್ಲ ನಾನೇ ಅಲ್ಲಿ ಕೂರುತ್ತೇನೆ. ಕುರಿಗಳ ಸುದ್ದಿ ಕೇಳುತ್ತೇನೆ. "ಛಲೋ ಅವ" ಎನ್ನುತ್ತಾರೆ ವೈನಿ, ಮುಗಿಯಿತು.

ಹೋದ ಸಲ ನನ್ನ ಬುದ್ಧಿಗೆ ಏನಾಯಿತೋ! ಅಣ್ಣನ ಹಾಗೇ ದನಿ ಎಳೆದು "ಹೌದೇನ? ಮತ್ತ?" ಎಂದುಬಿಟ್ಟೆ.

ವೈನಿ ಕಟ್ಟೆಯಿಂದ ಎದ್ದರು.

"ಬ್ಯಾಡ ತಮ್ಮಾ," ಎಂದರು. "ಹಾಲು ಬತ್ಯಾವ."