ಬಲತೊಡೆಯ ಮೇಲೆ ಮೂರು ತಟ್ಟು

ಇಂಥ ಕಥೆಗಳನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಸ್ಮಶಾನದ ಪಕ್ಕ ಬಿಳಿ ಸೀರೆ ಕಂಡೆ ಎಂದು ಶುರು ಮಾಡಿದರೆ, ಅವತ್ತು ಸರಿಯಾಗಿ ಊಟ ಮಾಡಿದ್ದಿರಾ, ನಿದ್ದೆ ಮಾಡಿದ್ದಿರಾ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹನ್ನೊಂದು ವರ್ಷ ಪೆಟ್ಟು ತಿನ್ನುವುದನ್ನೇ ಕಸುಬು ಮಾಡಿಕೊಂಡಿದ್ದವನು ನಾನು. ತಲೆಗೆ ಏಟು ಬಿದ್ದಾಗ ಮನುಷ್ಯನಿಗೆ ಏನೇನು ಕಾಣುತ್ತದೆ, ಏನೇನು ಕೇಳಿಸುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಜಾರಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾನು ಆಡುತ್ತಿದ್ದುದು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್. ಕುಸ್ತಿ, ಬಾಕ್ಸಿಂಗ್, ಒದೆತ ಎಲ್ಲವನ್ನೂ ಕಲಸಿ, ತಂತಿಬಲೆಯ ಪಂಜರದೊಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕಿದರೆ ಅದೇ ಈ ಆಟ. ನಮ್ಮ ತಂದೆ ಮೈಸೂರಿನ ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದರು. ನನ್ನ ಪುಂಡಾಟ ಕಡಿಮೆಯಾಗಲಿ ಎಂದು ಹದಿನಾಲ್ಕನೇ ವಯಸ್ಸಿಗೆ ನಜರ್‌ಬಾದಿನ ಒಂದು ಗರಡಿಗೆ ಸೇರಿಸಿದರು. ಅಲ್ಲಿ ಕೆಮ್ಮಣ್ಣಿನ ಮೇಲೆ ನನಗೆ ಕುಸ್ತಿ ಕಲಿಸಿದವರು ಚಿಕ್ಕಣ್ಣ ಉಸ್ತಾದರು. ನಾನು ಪಂಜರದ ಆಟಕ್ಕೆ ಹೊರಟಾಗ ಒಂದು ತಿಂಗಳು ಮಾತು ಬಿಟ್ಟರು, ಆಮೇಲೆ ಗರಡಿಯ ಮಹಡಿಯಲ್ಲಿ ಮ್ಯಾಟು ಹಾಸಿ ತಾವೇ ನನ್ನ ಕೋಚ್ ಆದರು.

ಉಸ್ತಾದರು ಎಲ್ಲಕ್ಕಿಂತ ಮೊದಲು ಕಲಿಸಿದ ವಿಷಯ ಒಂದೇ. ಹಿಡಿತಕ್ಕೆ ಸಿಕ್ಕವನು ಕೈಯಿಂದ ತಟ್ಟಿದರೆ ಸೋತೆ ಎಂದರ್ಥ, ತಟ್ಟಿದ ಕೂಡಲೇ ಬಿಟ್ಟುಬಿಡಬೇಕು. ಯೋಚನೆ ಮಾಡುತ್ತ ಕೂತರೆ ಒಬ್ಬನ ತೋಳು ಮುರಿಯುತ್ತದೆ, ಇಲ್ಲವೇ ಉಸಿರು ನಿಲ್ಲುತ್ತದೆ. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಇದನ್ನೇ ಮಾಡಿ, ಚರ್ಮಕ್ಕೆ ತಟ್ಟು ತಾಗಿದರೆ ಸಾಕು, ನನ್ನನ್ನು ಕೇಳದೆಯೇ ಕೈ ಸಡಿಲವಾಗುತ್ತಿತ್ತು. ಬಸ್ಸಿನಲ್ಲಿ ಯಾರೋ ಜಾಗ ಬಿಡಿ ಎಂದು ಭುಜ ತಟ್ಟಿದ್ದಕ್ಕೆ ಮೇಲಿನ ಕಂಬಿ ಬಿಟ್ಟು ಮುಂದಿನವರ ಮೇಲೆ ಬಿದ್ದದ್ದೂ ಉಂಟು.

ಆರು ವರ್ಷದ ಹಿಂದೆ ನನ್ನ ಕೊನೆಯ ಪಂದ್ಯ ನಮ್ಮೂರಿನಲ್ಲೇ ನಡೆಯಿತು. ರಿಂಗ್ ರಸ್ತೆಯ ಕಡೆ ಒಂದು ದೊಡ್ಡ ಕಲ್ಯಾಣ ಮಂಟಪವನ್ನು ಬಾಡಿಗೆಗೆ ಹಿಡಿದು, ಹಸೆಮಣೆ ಹಾಕುವ ಜಾಗದಲ್ಲಿ ಪಂಜರ ನಿಲ್ಲಿಸಿದ್ದರು. ಗೆದ್ದವನಿಗೆ ಒಂದು ಚಾಂಪಿಯನ್ ಬೆಲ್ಟು, ಹೊರದೇಶದ ದೊಡ್ಡ ಪಂದ್ಯಕ್ಕೆ ಕರೆ. ನನಗೆ ಮೂವತ್ತನಾಲ್ಕು ವರ್ಷ, ಮತ್ತೊಮ್ಮೆ ಅಂಥ ಅವಕಾಶ ಸಿಗುವಂತಿರಲಿಲ್ಲ. ನಜರ್‌ಬಾದಿನ ಅರ್ಧ ಜನ ಬಂದು ಕೂತಿದ್ದರು.

ನನಗೆ ಕೊಟ್ಟಿದ್ದು ವಧುವಿನ ಕೋಣೆ. ಪಂದ್ಯಕ್ಕೆ ಗೊತ್ತುಮಾಡಿದ ತೂಕಕ್ಕೆ ಇಳಿಯಲು ನಾಲ್ಕು ದಿನ ಅರೆಹೊಟ್ಟೆ, ಕೊನೆಯ ದಿನ ನೀರೂ ಇಲ್ಲದೆ ಕಳೆದಿದ್ದೆ. ಕನ್ನಡಿಯ ಸುತ್ತ ಬಲ್ಬುಗಳು, ಯಾರದೋ ಮದುವೆಯಲ್ಲಿ ಬಿದ್ದ ಹೇರ್‌ಪಿನ್ನುಗಳು. ಆ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಮುದುಡಿದ ಕಿವಿ, ಎರಡು ಸಲ ಮುರಿದ ಮೂಗು, ಗುಳಿಬಿದ್ದ ಕಣ್ಣು. ಗೆದ್ದರೂ ಸರಿ, ಸೋತರೂ ಸರಿ, ಇವತ್ತಿಗೆ ಇದೊಂದು ಮುಗಿದುಹೋಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಷ್ಟು ಸುಸ್ತಾಗಿತ್ತು. ಈ ಮಾತನ್ನು ಬಹಳ ಕಾಲ ನಾನು ಯಾರಿಗೂ ಹೇಳಲಿಲ್ಲ.

ಎದುರಾಳಿ ಮಂಡ್ಯದ ಹುಡುಗ, ಸಿದ್ದರಾಜು. ನನಗಿಂತ ಏಳು ವರ್ಷ ಚಿಕ್ಕವನು. ಮೊದಲ ಎರಡು ಸುತ್ತು ಇಬ್ಬರೂ ಸಮಸಮ ಹೊಡೆದುಕೊಂಡೆವು. ಮೂರನೇ ಸುತ್ತಿನಲ್ಲಿ ಅವನನ್ನು ಕೆಡವಿ, ಬೆನ್ನಿಗೆ ಅಂಟಿಕೊಂಡು, ಸೊಂಟಕ್ಕೆ ಎರಡೂ ಕಾಲು ಸುತ್ತಿ, ಕುತ್ತಿಗೆಗೆ ತೋಳು ಹಾಕಿದೆ. ಅದು ಬಿಡಿಸಿಕೊಳ್ಳಲಾಗದ ಹಿಡಿತ. ಜನ ಎದ್ದು ಕೂಗುತ್ತಿದ್ದರು. ಅವನ ಉಸಿರು ಗೊರಗೊರ ಎನ್ನಲು ಶುರುವಾಯಿತು.

ಆಗ ನನ್ನ ಬಲತೊಡೆಯ ಮೇಲೆ ತಟ್ಟಿದ ಹಾಗಾಯಿತು. ಮೂರು ಸಲ. ಮೊದಲ ಎರಡು ಬೇಗಬೇಗ, ಮೂರನೆಯದು ಸ್ವಲ್ಪ ತಡೆದು. ನಾನು ಬಿಟ್ಟೆ. ಎದ್ದುನಿಂತು ಕೈ ಎತ್ತಿದೆ. ರೆಫರಿ ಮಾತ್ರ ಪಂದ್ಯ ನಿಲ್ಲಿಸಿರಲಿಲ್ಲ, ಆಡಿ ಎಂದು ಕೈ ಬೀಸುತ್ತಿದ್ದ. ತಿರುಗುವಷ್ಟರಲ್ಲಿ ಸಿದ್ದರಾಜುವಿನ ಏಟು ದವಡೆಗೆ ಬಿತ್ತು. ಕಣ್ಣು ಬಿಟ್ಟಾಗ ನಾನು ಮಲಗಿದ್ದೆ, ಮೇಲೆ ಮಂಟಪದ ಗಾಜಿನ ದೀಪಗೊಂಚಲು ಕಾಣುತ್ತಿತ್ತು.

ಸಿದ್ದರಾಜು ತಟ್ಟಿದ ಎಂದು ಹೇಳಿದೆ. ಯಾರೂ ಒಪ್ಪಲಿಲ್ಲ. ಎಲ್ಲಿ ತಟ್ಟಿದ, ಎಷ್ಟು ಸಲ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವಿಡಿಯೊ ತೋರಿಸಿದರು. ಅದರಲ್ಲಿ ಸಿದ್ದರಾಜುವಿನ ಎರಡೂ ಕೈ ಮೊದಲಿನಿಂದ ಕೊನೆಯವರೆಗೂ ನನ್ನ ತೋಳನ್ನೇ ಹಿಡಿದು ಜಗ್ಗುತ್ತಿದ್ದವು. ನನ್ನ ಬಲತೊಡೆಯ ಹತ್ತಿರ ಯಾರ ಕೈಯೂ ಬಂದಿರಲಿಲ್ಲ. ನಾನು ಸುಮ್ಮನೆ, ನಾನಾಗಿಯೇ, ಗೆದ್ದ ಪಂದ್ಯವನ್ನು ಬಿಟ್ಟು ಎದ್ದಿದ್ದೆ.

ವಧುವಿನ ಕೋಣೆಯಲ್ಲಿ ಉಸ್ತಾದರು ನನ್ನ ಕೈಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತ ಹೇಳಿದರು. "ಅವ್ನು ತಟ್ಲಿಲ್ಲ ಕಣೋ. ನಿಂಗೆ ಸಾಕಾಗಿತ್ತು. ಸಾಕು ಅಂತ ಒಂದ್ಮಾತು ಹೇಳ್ಬುಟ್ಟಿದ್ರೆ ನಾನೇ ಟವಲ್ ಎಸ್ದು ಪಂದ್ಯ ನಿಲ್ಲಿಸ್ತಿದ್ದೆ. ಇಷ್ಟು ಜನರ ಮುಂದೆ ಸುಳ್ಯಾಕೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬಹಳ ಮೆತ್ತಗೆ ಹೇಳಿದರು. ನನಗೆ ಕನ್ನಡಿಯ ಮುಂದೆ ಅಂದುಕೊಂಡ ಮಾತು ನೆನಪಿಗೆ ಬಂತು. ಅಲ್ಲಿಗೆ ನನ್ನ ಆಟ ಮುಗಿಯಿತು. ಗರಡಿಯ ಕಡೆ ಹೋಗುವುದನ್ನೂ ಬಿಟ್ಟೆ. ನಿಜವಾಗಿ ತಟ್ಟಿದನೋ, ದಣಿದ ನನ್ನ ಮೈಯೇ ಒಂದು ನೆಪ ಹುಟ್ಟಿಸಿಕೊಂಡಿತೋ ಎಂದು ಯೋಚಿಸುತ್ತ ಐದು ವರ್ಷ ಕಳೆದೆ. ಸೋತದ್ದಕ್ಕೆ ನಾಚಿಕೆಯಿಲ್ಲ. ನಾನು ಹೇಡಿಯೋ ಅಲ್ಲವೋ ಎಂದು ನನಗೇ ಗೊತ್ತಿಲ್ಲದೆ ಬದುಕುವುದು ಕಷ್ಟ.

ಈಗ ನಾನು ಚಾಮರಾಜಪುರಂನಲ್ಲಿ ಬೆಳಗಿನ ಹೊತ್ತು ನಿವೃತ್ತರಿಗೆ ವ್ಯಾಯಾಮ ಹೇಳಿಕೊಡುತ್ತೇನೆ. ಅವರ ಮಂಡಿಗಿಂತ ನನ್ನ ಮಂಡಿ ಹೆಚ್ಚು ಸದ್ದು ಮಾಡುತ್ತದೆ ಎಂದು ಅವರು ನಗುತ್ತಾರೆ. ಹೋದ ವರ್ಷ ಒಂದು ದಿನ ತರಗತಿ ಮುಗಿಯುವ ಹೊತ್ತಿಗೆ ಸಿದ್ದರಾಜು ಬಾಗಿಲಲ್ಲಿ ನಿಂತಿದ್ದ. ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಮೈಸೂರಿಗೆ ಬಂದಿದ್ದನಂತೆ. ಅವನೂ ಆಟ ಬಿಟ್ಟು ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರಾಗಿದ್ದ. ಕೂರು ಎಂದರೆ ಕೂರಲಿಲ್ಲ.

"ಅಣ್ಣ, ಅವತ್ತು ನಾನು ತಟ್ಟಿದ್ದೆ ಕಣಣ್ಣ," ಎಂದ. "ನಿಮ್ಮ ಬಲಗಡೆ ತೊಡೆ ಮೇಲೆ, ಮೂರು ಸಲ. ನೀವು ಬುಟ್ರಿ. ರೆಫರಿ ಆ ಕಡೆ ಇದ್ದ, ನೋಡ್ಲಿಲ್ಲ. ನಾನು ಎದ್ದು ಹೊಡೆದ್ಬುಟ್ಟೆ. ಆ ಬೆಲ್ಟು ಬೀರು ಮೇಲೆ ಸೂಟ್‌ಕೇಸೊಳಗೈತೆ. ನನ್ನ ಮಗಳು ತೋರ್ಸಪ್ಪ ಅಂತಾಳೆ, ಎಂಗೆ ತೋರಿಸ್ಲಿ?"

ಯಾವ ತೊಡೆ, ಎಷ್ಟು ಸಲ ಎಂಬುದನ್ನು ನಾನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಅವನ ಮೇಲೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಸಂತೋಷವೇ ಆಯಿತು. ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸೀದಾ ನಜರ್‌ಬಾದಿಗೆ, ಉಸ್ತಾದರ ಮನೆಗೆ ಹೋದೆ. ಅಷ್ಟು ವರ್ಷವಾದ ಮೇಲೆ ಅವರ ಮನೆಯ ಮೆಟ್ಟಿಲು ಹತ್ತಿದ್ದು ಅವತ್ತೇ.

ಉಸ್ತಾದರು ಸಿದ್ದರಾಜು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ, "ಆ ವಿಡಿಯೊ ನೋಡಿದ್ದೀಯೇನಪ್ಪ?" ಎಂದರು.

"ಇಲ್ಲ. ನೋಡಕ್ಕೆ ನಾಚ್ಕೆ," ಎಂದ.

ನನ್ನ ಫೋನಿನಲ್ಲಿ ಹಾಕಿದೆ. ಉಸ್ತಾದರು ನಿಧಾನ ಮಾಡಿಸಿ ಎರಡು ಸಲ ತೋರಿಸಿದರು. ಸಿದ್ದರಾಜು ತನ್ನ ಕೈಗಳನ್ನೇ ನೋಡುತ್ತಿದ್ದ. ಮೂರನೇ ಸಲ ತಾನೇ ಫೋನು ಕಿತ್ತುಕೊಂಡು ನೋಡಿದ. ಆಮೇಲೆ ತನ್ನ ಬಲಗೈಯನ್ನು ಎತ್ತಿ, ತಿರುಗಿಸಿ ನೋಡಿಕೊಂಡ.

"ನಾನು ತಟ್ಟಿದ್ದೆ," ಎಂದ ಮೆಲ್ಲಗೆ. "ಅಂಗೈಗೆ ಬೆವರು ಅಂಟಿದ್ದೂ ನೆನಪೈತೆ." ನನ್ನ ಕಡೆ ತಿರುಗಿದ. "ಅಂಗಾದ್ರೆ ನಾನು ಗೆದ್ದಿದ್ದು ನಿಜಾನೇನಣ್ಣ?"

ಉಸ್ತಾದರು ನನ್ನನ್ನು ನೋಡಿದರು. ಅವನು ತಟ್ಟಿದ ಎಂಬ ಒಂದು ಮಾತಿಗಾಗಿ ನಾನು ಅಷ್ಟು ವರ್ಷ ಕಾದಿದ್ದೆ. ಅದನ್ನು ಅವನೇ ಬಂದು, ಉಸ್ತಾದರ ಎದುರಿಗೇ ಹೇಳಿದ್ದ. ಹೌದು, ನೀನು ತಟ್ಟಿದೆ ಎಂದು ನಾನು ಅಂದಿದ್ದರೆ, ನಾನು ಸುಳ್ಳನಲ್ಲ ಎಂದಾಗುತ್ತಿತ್ತು. ಆದರೆ ಆ ಹುಡುಗ ಇನ್ನೂ ತನ್ನ ಅಂಗೈಯನ್ನು ಬಿಡಿಸಿ ಹಿಡಿದುಕೊಂಡೇ ಕೂತಿದ್ದ.

"ಗೆದ್ದೆ ಕಣೋ," ಎಂದೆ. "ವಿಡಿಯೊದಲ್ಲೇ ಇದೆಯಲ್ಲ. ಬೆಲ್ಟು ಮಗಳಿಗೆ ತೋರಿಸು."

ಅವನು ಅತ್ತ. ನಾನು ಅವನನ್ನು ಆಸ್ಪತ್ರೆಯ ಬಾಗಿಲಿಗೆ ಬಿಟ್ಟು ಮನೆಗೆ ಬಂದೆ. ನಾವು ಅವರ ಮನೆಯಿಂದ ಹೊರಡುವಾಗ ಉಸ್ತಾದರು ನನಗೆ ನಾಳೆ ಗರಡಿಗೆ ಬಾ ಎಂದಿದ್ದರು, ಅಷ್ಟೇ.

ನಡೆದದ್ದನ್ನೆಲ್ಲ, ಕನ್ನಡಿಯ ಮುಂದಿನ ಮಾತನ್ನೂ ಸೇರಿಸಿ, ಅವತ್ತು ಹೆಂಡತಿಗೆ ಹೇಳಿದೆ. "ಇಬ್ರಿಗೂ ಸುಸ್ತಾಗಿತ್ತು ಕಣ್ರೀ, ಇಬ್ರಿಗೂ ಮುಗಿದ್ರೆ ಸಾಕು ಅನ್ಸಿತ್ತು, ಅದಕ್ಕೇ ಹಂಗಾಗಿದೆ," ಎಂದಳು. ಇರಬಹುದು. ಆದರೆ ಇಬ್ಬರಿಗೂ ಬಲತೊಡೆಯೇ ಏಕೆ, ಮೂರೇ ಸಲ ಏಕೆ? ಅವತ್ತು ನನ್ನನ್ನು ತಟ್ಟಿದ್ದು ಯಾರೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನೀನು ಗೆದ್ದೆ ಎಂದು ನಾನು ಸಿದ್ದರಾಜುವಿಗೆ ಹೇಳಿದ್ದು ಸುಳ್ಳೋ ನಿಜವೋ, ಅದೂ ತಿಳಿದಿಲ್ಲ.