ಬಾಯ್ಲರಿಗೆ ಹುಣಸೆಹುಳಿ

ತುರುವೇಕೆರೆ ಕಡೆಯ ನಮ್ಮ ಮನೆಯ ಬಚ್ಚಲಿನಲ್ಲಿ ತಾಮ್ರದ ಬಾಯ್ಲರ್ ಇತ್ತು. ನಡುವೆ ಒಂದು ಕೊಳವೆ. ಅದರೊಳಗೆ ತೆಂಗಿನ ಮಟ್ಟೆ, ಚಿಪ್ಪು ಹಾಕಿ ಉರಿ ಮಾಡುತ್ತಿದ್ದೆವು. ಕೊಳವೆಯ ಸುತ್ತ ನೀರು. ಬೆಂಕಿಗೂ ನೀರಿಗೂ ನಡುವೆ ತಾಮ್ರದ ತಗಡು ಅಷ್ಟೇ. ಆಲಿಕೆಗೆ ಒಂದು ಚೊಂಬು ತಣ್ಣೀರು ಸುರಿದರೆ ಅದು ತಳಕ್ಕಿಳಿದು, ಮೇಲಿನ ಮೂತಿಯಿಂದ ಅಷ್ಟೇ ಬಿಸಿನೀರನ್ನು ಹೊರಕ್ಕೆ ತಳ್ಳುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ನಾನು ಕೈಮುಗಿದದ್ದೂ ಉಂಟು.

ನಾದಿನಿ ಚೊಚ್ಚಲ ಹೆರಿಗೆಗೆ ಬಂದಾಗಲೇ ಅದು ಕೈಕೊಟ್ಟಿತು. ಬಾಣಂತಿಗೆ ಮೈ ಕೆಂಪಾಗುವಂಥ ಬಿಸಿನೀರು ಬೇಕು. ನಾನು ಎಷ್ಟು ಉರಿ ಹಾಕಿದರೂ ಬರುತ್ತಿದ್ದುದು ಉಗುರುಬೆಚ್ಚಗಿನ ನೀರು. ಶಾಖವೆಲ್ಲ ಕೊಳವೆಯ ಬಾಯಿಂದ ಸೂರಿಗೆ ಹೋಗುತ್ತಿತ್ತು.

"ಅತ್ಗೆ, ಸೊಂಟ ಹಿಡ್ಕೊಂಡೈತೆ. ಈ ನೀರು ಸಾಲ್ದು," ಎಂದು ನಾದಿನಿ ನಡುಗುತ್ತಾ ಕೂರುತ್ತಿದ್ದಳು.

"ಮಟ್ಟೆ ಹಸಿ ಇರ್ಬೇಕು ಕಣೇ," ಅಂದರು ಅತ್ತೆ. ಚೆನ್ನಾಗಿ ಒಣಗಿದ್ದನ್ನೇ ತಂದು ಹಾಕಿದೆ. ಆಗಲೂ ಅಷ್ಟೇ.

ವರ್ಷವರ್ಷವೂ ನೀರು ತುಂಬುವ ಹಬ್ಬಕ್ಕೆ ಆ ಬಾಯ್ಲರನ್ನು ಮುಖ ಕಾಣುವಂತೆ ಬೆಳಗಿ, ಸುಣ್ಣದ ಪಟ್ಟೆ ಬಳಿದು ಪೂಜೆ ಮಾಡುತ್ತಿದ್ದೆವು. ಹೊರಗೆಲ್ಲ ಫಳಫಳ. ಒಳಗೆ ಯಾರು ನೋಡಿದ್ದರು? ಒಂದು ಬೆಳಗ್ಗೆ ಮೂತಿಯಿಂದ ಚೊಂಬಿನೊಳಕ್ಕೆ ಬಿಳಿ ಚಕ್ಕೆ ಬಿತ್ತು. ಬೋರ್‌ವೆಲ್ ನೀರಿನ ಉಪ್ಪು! ಎಸರಿಡುವ ಪಾತ್ರೆಯ ತಳದಲ್ಲಿ ಕಟ್ಟುವ ಹಾಗೆ ಇಲ್ಲೂ ಕೊಳವೆಗೆ ಕಂಬಳಿ ಹೊದಿಸಿದಂತೆ ಕೂತಿತ್ತು. ಬೆಂಕಿಯ ಕಾವು ನೀರಿಗೆ ಮುಟ್ಟುವುದಾದರೂ ಹೇಗೆ?

ಉರಿ ಆರಿಸಿ, ಹುಣಸೆಹುಳಿ ಕಿವುಚಿ ಆಲಿಕೆಗೆ ಸುರಿದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಏನೇ, ಬಾಯ್ಲರ್‌ನಾಗೆ ಸಾರು ಮಾಡ್ತೀಯಾ? ಒಗ್ಗರಣೆನೂ ಹಾಕ್ಬುಡು!"

ಒಳಗೆ ಮಲಗಿದ್ದ ನಾದಿನಿ ಸೊಂಟ ಹಿಡಿದುಕೊಂಡೇ ನಕ್ಕಳು.

ಹತ್ತಿರದ ಸಂಪಿಗೆ ಊರಿನ ಸ್ವಾಮಿಯನ್ನು ನೆನೆದು, ಆ ದಿನವೆಲ್ಲ ಹುಳಿಯನ್ನು ಹಾಗೇ ಬಿಟ್ಟೆ. ಮರುದಿನ ನಾನೂ ಯಜಮಾನರೂ ಸೇರಿ ಬಾಯ್ಲರನ್ನು ವಾಲಿಸಿದಾಗ ಮಜ್ಜಿಗೆಯಂಥ ನೀರು, ಅದರ ಹಿಂದೆಯೇ ಚಕ್ಕೆಚಕ್ಕೆಯಾಗಿ ಸುಣ್ಣದಂಥ ಉಪ್ಪು. ತೊಳೆದು, ಹೊಸ ನೀರು ತುಂಬಿ ಉರಿ ಹಾಕಿದೆ. ಸ್ವಲ್ಪ ಹೊತ್ತಿಗೇ ಮೂತಿಯಲ್ಲಿ ಹಬೆ ಆಡಿತು. ನನ್ನ ಕಣ್ಣು ಮಂಜಾದದ್ದು ಆ ಹಬೆಗೋ, ದೇವರ ದಯೆಗೋ.

ಅತ್ತೆ ಎರೆದರು. "ಅವ್ವಾ, ಸುಡ್ತದೆ!" ಎಂದು ನಾದಿನಿ ಕೂಗಿದಳು.

"ಸುಡ್ಲಿ ಬುಡು. ಸುಡ್ಲಿ ಅಂತಾನೇ ನಿಮ್ಮತ್ಗೆ ಒದ್ದಾಡಿದ್ದು."

ಮೈಯೆಲ್ಲ ಕೆಂಪಾಗಿ, ಸಾಂಬ್ರಾಣಿ ಹೊಗೆ ಹಿಡಿಸಿಕೊಂಡು ನಾದಿನಿ ಮಗುವಿನ ಪಕ್ಕ ಮಲಗಿದಳು. ಎಷ್ಟೋ ದಿನಗಳ ಮೇಲೆ ನರಳದೆ ನಿದ್ದೆ ಹೋದಳು. ಅತ್ತೆ ಆಲಿಕೆಗೆ ಇನ್ನಷ್ಟು ತಣ್ಣೀರು ಸುರಿದು ನನ್ನ ಕಡೆ ತಿರುಗಿದರು.

"ಇನ್ನೂ ಬಿಸಿ ಬತ್ತಾ ಐತೆ. ನೀನೂ ಮಿಂದ್ಕೊ ಹೋಗು. ಅಡುಗೆ ನಾನು ನೋಡ್ಕತೀನಿ."