ನಾನು ಕೇಳದೆ ಬಿಟ್ಟ ಪ್ರಶ್ನೆ

ರೊಟ್ಟಿ ಬಡಿದು ಬಡಿದು ಅವ್ವನ ಬಲ ಅಂಗೈ ದಡ್ಡುಗಟ್ಟಿ ಹೊಳೆಯುತ್ತಿತ್ತು. ಹಂಚಿನ ಮೇಲಿನ ರೊಟ್ಟಿಗೆ ಅವರು ಬರಿಗೈಯಲ್ಲೇ ನೀರು ಸವರಿದರೆ ನೋಡುವ ನನ್ನ ಕೈ ಚುರುಗುಟ್ಟುತ್ತಿತ್ತು. ನನ್ನ ಹೆತ್ತ ತಾಯಿಯಲ್ಲ ಅವರು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯವರು, ವಿಜಯಪುರದ ಕಡೆಯವರು. ನಾವು ಮೈಸೂರಿನಿಂದ ಬಂದಿಳಿದ ದಿನವೇ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಕಳಿಸಿದ್ದರು. ನನ್ನ ಕನ್ನಡ ಕೇಳಿ, ರೇಡಿಯೋದವರ ಹಾಗೆ ಮಾತಾಡುತ್ತೀ ಎಂದು ನಗುತ್ತಿದ್ದರು.

ಅವ್ವನಿಗೆ ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ಠಾಣೆ ನಗರದ ಸರ್ಜನ್ ಬಳಿ ತೋರಿಸಬೇಕಿತ್ತು. ಅವರ ಮಗ ಭಿವಂಡಿಯ ಗೋದಾಮಿನಲ್ಲಿ ಟೆಂಪೋ ಓಡಿಸುತ್ತಿದ್ದ, ರಜೆ ಸಿಗುತ್ತಿರಲಿಲ್ಲ. ನನ್ನ ಹೆಂಡತಿಗೆ ಶಾಲೆ. ಮಹಾಪೆಯ ಆಫೀಸಿಗೆ ಅರ್ಧ ದಿನ ರಜೆ ಹಾಕಿ ನಾನೇ ಕರೆದೊಯ್ಯುತ್ತಿದ್ದೆ. ಲೋಕಲ್ ರೈಲಿನಲ್ಲಿ ಲೇಡೀಸ್ ಡಬ್ಬಿ ಹತ್ತಿ ಎಂದರೆ ಒಪ್ಪುತ್ತಿರಲಿಲ್ಲ. ಠಾಣೆ ಬಂತೆಂದು ಆಮೇಲೆ ತನಗೆ ಯಾರು ಹೇಳಬೇಕು ಎನ್ನುತ್ತಿದ್ದರು. ಅವರಿಗೆ ಬರುತ್ತಿದ್ದುದು ತರಕಾರಿ ಕೊಳ್ಳುವಷ್ಟು ಮರಾಠಿ. ಡಾಕ್ಟರ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಉತ್ತರವನ್ನು ಹಿಂದಿಯಲ್ಲಿ ಹೇಳುವ ಕೆಲಸ ನನ್ನದು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಪ್ರತಿ ಸಲವೂ ಡಾಕ್ಟರು ಕೇಳುತ್ತಿದ್ದರು: ಮಲದಲ್ಲಿ ರಕ್ತ ಹೋಗುತ್ತದೆಯೇ, ಹೊಟ್ಟೆ ಕಟ್ಟುತ್ತದೆಯೇ, ದಿನಕ್ಕೆ ಎಷ್ಟು ಸಲ ಹೋಗುತ್ತಾರೆ. ತಾಯಿಯ ವಯಸ್ಸಿನವರನ್ನು ಇದನ್ನೆಲ್ಲ ಹೇಗೆ ಕೇಳುವುದು? ಅವ್ವ ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದರು. ನಾನು ಊಟ ಸೇರುತ್ತಾ ಎಂದಷ್ಟೇ ಕೇಳುತ್ತಿದ್ದೆ. "ಸೇರ್ತದಪ್ಪ," ಎನ್ನುತ್ತಿದ್ದರು. ಏನೂ ತೊಂದರೆ ಇಲ್ಲವಂತೆ ಎಂದು ನಾನು ಡಾಕ್ಟರಿಗೆ ಹೇಳುತ್ತಿದ್ದೆ. ರಕ್ತಪರೀಕ್ಷೆಯೂ ಸರಿಯಾಗಿತ್ತು. ಡಾಕ್ಟರು ನನ್ನನ್ನು ನಂಬಿ ಮುಂದಿನ ತಾರೀಖು ಬರೆದುಕೊಡುತ್ತಿದ್ದರು.

ಬೇಸಿಗೆ ರಜೆಯಲ್ಲಿ ಒಮ್ಮೆ ನನ್ನ ಬದಲು ನನ್ನ ಹೆಂಡತಿ ಅವರ ಜೊತೆಗೆ ಹೋದಳು. ಡಾಕ್ಟರು ಕೇಳಿದ್ದನ್ನು ಇದ್ದ ಹಾಗೆಯೇ ಕೇಳಿದಳು. ಸಂಕ್ರಾಂತಿಯಿಂದ ರಕ್ತ ಹೋಗುತ್ತಿದೆ ಎಂದು ಅವ್ವ ಅವಳ ಕಿವಿಯಲ್ಲಿ ಹೇಳಿದರು. ಆ ನಡುವೆ ಒಂದು ಸಲ ನಾನೇ ಅವರನ್ನು ತೋರಿಸಿಕೊಂಡು ಬಂದಿದ್ದೆ. ಸ್ಕ್ಯಾನ್ ಮಾಡಿಸಿದರೆ ಕ್ಯಾನ್ಸರ್ ಮರಳಿ ಬಂದು ಲಿವರಿಗೂ ಹರಡಿತ್ತು. ಮೊದಲೇ ತಿಳಿದಿದ್ದರೆ ಇನ್ನೊಂದು ಆಪರೇಷನ್ ಮಾಡಬಹುದಿತ್ತೇನೋ ಎಂದು ವರದಿ ತೋರಿಸಲು ಹೋದ ನನಗೆ ಡಾಕ್ಟರು ಹೇಳಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವ್ವನ ಮಂಚದ ಪಕ್ಕ ಕೂತು, ತಪ್ಪೆಲ್ಲ ನನ್ನದು, ನಾನು ಕೇಳಲೇ ಇಲ್ಲ ಎಂದು ಅತ್ತೆ. ಅವರು ನನ್ನ ತಲೆ ಸವರಿದರು.

"ನನಗೂ ನಿನ್ನ ಮುಂದ ಹೇಳಾಕ ನಾಚಿಕಿ, ತಮ್ಮಾ. ನೀ ಕೇಳಲಿಲ್ಲಂದ್ರ ನನಗ ಹಗುರ ಆಗ್ತಿತ್ತು."

ಅಷ್ಟಾದರೂ ಕೊನೆಯ ಸಲ ನೀನೇ ಕರೆದುಕೊಂಡು ಹೋಗು ಎಂದು ಹಟ ಹಿಡಿದರು. ಅಂದು ಡಾಕ್ಟರು ಕೇಳಿದ ಒಂದೊಂದನ್ನೂ, ಒಂದು ಮಾತೂ ಬಿಡದೆ ಕೇಳಿದೆ. ಅವ್ವ ಸೆರಗು ಎಳೆದುಕೊಳ್ಳಲಿಲ್ಲ. ನನ್ನ ಮುಖ ನೋಡಿಕೊಂಡೇ ಎಲ್ಲಕ್ಕೂ ಉತ್ತರ ಹೇಳಿದರು. ಎಲ್ಲವನ್ನೂ ಹಿಂದಿಯಲ್ಲಿ ಹೇಳಿ ಮುಗಿಸಿದೆ. ಡಾಕ್ಟರು ಕೇಳಿಸಿಕೊಂಡು, ನೋವಿನ ಮಾತ್ರೆ ಬರೆದರು. ಮುಂದಿನ ತಾರೀಖು ಬರೆಯಲಿಲ್ಲ.

ದಸರೆಗೆ ಮೊದಲೇ ಅವ್ವ ಹೋದರು.